ವೈನಿಯ ಪಾಳಿ

ಮರ್ಫಿಯಿಂದ ಇಲ್ಲಿಗೆ ಶಿಫ್ಟ್ ಆದಾಗಿನಿಂದ ಬಿಚ್ಚದೆ ಇಟ್ಟಿದ್ದ ರಟ್ಟಿನ ಡಬ್ಬವೊಂದನ್ನು ಹೋದ ವಾರ ಬಿಚ್ಚಿದೆ. ಅವಧಿ ಮುಗಿದ ಪಾಸ್‌ಪೋರ್ಟುಗಳ ನಡುವೆ ನನ್ನದೇ ಫೋಟೋ ಒಂದು ಸಿಕ್ಕಿತು. ಎರಡಿಂಚು ಉದ್ದ, ಎರಡಿಂಚು ಅಗಲ. ಎರಡೂ ಕಿವಿ ಕಾಣುವಂತೆ ಹಿಂದಕ್ಕೆ ಬಾಚಿದ ಕೂದಲು, ನಗು ಅದುಮಿಟ್ಟುಕೊಂಡ ಮುಖ, ಹಿಂದೆ ಬಿಳಿ ಬಣ್ಣ. ಕಣ್ಣಿಟ್ಟು ನೋಡಿದರೆ ಆ ಬಿಳಿಯ ಮೂಲೆಯಲ್ಲೊಂದು ಮಡಿಕೆ ಕಾಣುತ್ತದೆ. ಅದು ಗೋಡೆಯಲ್ಲ, ಚಾದರ. ನಮ್ಮ ಎದುರು ಮನೆಯ ಗರಾಜ್ ಬಾಗಿಲಿಗೆ ಬಟ್ಟೆಯ ಕ್ಲಿಪ್ ಹಾಕಿ ಇಳಿಬಿಟ್ಟಿದ್ದ ಬಿಳಿ ಚಾದರ. ಅದರ ಮುಂದೆ ನನ್ನನ್ನು ನಿಲ್ಲಿಸಿ, "ಗದ್ದ ಸ್ವಲ್ಪ ಮ್ಯಾಲ ಎತ್ರಿ. ನಗಬ್ಯಾಡ್ರಿ. ನಕ್ಕರ ಈ ಸರ್ಕಾರಕ್ಕ ಸಿಟ್ಟು ಬರ್ತದ" ಎಂದು ತಾವೇ ನಗಿಸಿ, ನಕ್ಕಿದ್ದಕ್ಕೆ ಮತ್ತೆ ತಾವೇ ಗದರಿಸಿದವರು ವೈನಿ.

ಉತ್ತರ ಕರ್ನಾಟಕದ ಮನೆಗಳಲ್ಲಿ ಅಣ್ಣನ ಹೆಂಡತಿಯನ್ನು ವೈನಿ ಎಂದು ಕರೆಯುತ್ತಾರೆ. ಮೈಸೂರಿನವಳಾದ ನನಗೆ ಆ ಮಾತು ಹೊಸದು. ಆದರೆ ಅಮೆರಿಕದ ಡ್ಯಾಲಸ್ ಪಕ್ಕದ ಮರ್ಫಿ ಎಂಬ ಆ ಸಣ್ಣ ಊರಿನಲ್ಲಿ, ನಮ್ಮ ಬೀದಿಯ ನಾಲ್ಕೈದು ಕನ್ನಡದ ಮನೆಗಳಿಗೂ ಅವರು ವೈನಿಯೇ ಆಗಿದ್ದರು. ಅವರ ಯಜಮಾನರು ಎಲ್ಲರಿಗೂ ಅಣ್ಣ.

ವೈನಿ ಧಾರವಾಡದವರು. ಅಲ್ಲಿ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರಂತೆ. ಅಣ್ಣನಿಗೆ ಇಲ್ಲಿ ಕೆಲಸ ಸಿಕ್ಕಾಗ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದರು. ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾ ಅವರದು. ಅದರಲ್ಲಿ ಆಗ ಕೆಲಸ ಮಾಡುವಂತಿರಲಿಲ್ಲ. ಬೀದಿಯ ಮಕ್ಕಳನ್ನೆಲ್ಲ ಊಟದ ಟೇಬಲ್ಲಿನ ಸುತ್ತ ಕೂರಿಸಿ ಲೆಕ್ಕ ಹೇಳಿಕೊಡುತ್ತಿದ್ದರು. ಜೊತೆಗೆ ಈ ಫೋಟೋ ತೆಗೆಯುವ ಕೆಲಸ. ಯಾವತ್ತೋ ಅಂಗಡಿಯಲ್ಲಿ ತೆಗೆಸಿದ ಫೋಟೋದಲ್ಲಿ ನೆರಳು ಬಿದ್ದಿದೆಯೆಂದು ಅವರ ಅರ್ಜಿಯೊಂದು ವಾಪಸ್ ಬಂದಿತ್ತು. ಅಂದಿನಿಂದ ವೈನಿ ನಿಯಮಗಳನ್ನೆಲ್ಲ ಓದಿ ಬಾಯಿಪಾಠ ಮಾಡಿಕೊಂಡಿದ್ದರು. ತಲೆ ಎಷ್ಟು ದೊಡ್ಡದಿರಬೇಕು, ಕನ್ನಡಕ ತೆಗೆಯಬೇಕೋ ಬೇಡವೋ, ಎಲ್ಲವೂ ಗೊತ್ತು. ವೀಸಾ, ಪಾಸ್‌ಪೋರ್ಟು, ಗ್ರೀನ್ ಕಾರ್ಡು ಎಂದು ಯಾರು ಅರ್ಜಿ ಹಾಕುವುದಿದ್ದರೂ ಆ ಚಾದರದ ಮುಂದೆ ಬಂದು ನಿಲ್ಲುತ್ತಿದ್ದರು.

ನನ್ನ ಫೋಟೋ ತೆಗೆದ ದಿನ ಚೆನ್ನಾಗಿ ನೆನಪಿದೆ. ನಾವು ಮರ್ಫಿಗೆ ಬಂದು ವರ್ಷವಾಗಿತ್ತು. ನಮ್ಮವರ ಕಂಪನಿ ಗ್ರೀನ್ ಕಾರ್ಡಿಗೆ ಅರ್ಜಿ ಶುರು ಮಾಡಿತ್ತು. ವೈನಿ ಕ್ಯಾಮೆರಾ ಸರಿಮಾಡಿಕೊಳ್ಳುತ್ತ, ಸುಮ್ಮನೆ ಮಾತಿಗೆಂಬಂತೆ ಕೇಳಿದರು.

"ನಿಮ್ಮ ಮನಿಯವ್ರು ಹುಟ್ಟಿದ್ದು ಎಲ್ಲಿರಿ? ಅವ್ರೂ ಮೈಸೂರೇನು?"

"ಇಲ್ಲ ವೈನಿ, ಅವರು ಹುಟ್ಟಿದ್ದು ಜಾಂಬಿಯಾದಲ್ಲಿ. ನಮ್ಮ ಮಾವನವರು ಅಲ್ಲಿ ಸ್ಕೂಲ್ ಮೇಷ್ಟ್ರಾಗಿದ್ರು. ಮೂರು ವರ್ಷದವರಿದ್ದಾಗ ವಾಪಸ್ ಬಂದ್ಬಿಟ್ರಂತೆ. ಅವರಿಗೆ ಅಲ್ಲಿಯದು ಏನೂ ನೆನಪಿಲ್ಲ."

ವೈನಿ ಕ್ಯಾಮೆರಾವನ್ನು ಕೆಳಗಿಳಿಸಿದರು. ಆಮೇಲೆ, "ಹಂಗಾದ್ರ ನಿಮಗ ಲಗೂನ ಬರ್ತದ ಬಿಡ್ರಿ" ಎಂದು ಹೇಳಿ ಮತ್ತೆ ಕ್ಯಾಮೆರಾ ಎತ್ತಿಕೊಂಡರು. ಬೇಗ ಯಾಕೆ ಬರುತ್ತದೆಂದು ನನಗೆ ಅರ್ಥವಾಗಲಿಲ್ಲ. ಯಾಕೆ ಎಂದು ಕೇಳಲೂ ಇಲ್ಲ...

ಅರ್ಥ ಮಾಡಿಸಿದವರೂ ಅವರೇ. ಇಲ್ಲಿನ ಕಾನೂನಿನಲ್ಲಿ ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡುಗಳಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯಿದೆ. ಅದರಲ್ಲೂ ಒಂದು ದೇಶದಲ್ಲಿ ಹುಟ್ಟಿದವರಿಗೆ ನೂರರಲ್ಲಿ ಏಳಕ್ಕಿಂತ ಹೆಚ್ಚು ಸಾಮಾನ್ಯವಾಗಿ ಸಿಗುವುದಿಲ್ಲ. ದೇಶ ದೊಡ್ಡದೋ ಸಣ್ಣದೋ, ಅರ್ಜಿ ಹಾಕಿದವರು ಹತ್ತು ಜನವೋ ಲಕ್ಷ ಜನವೋ ಎಂಬ ಲೆಕ್ಕವಿಲ್ಲ. ಈಗ ಯಾವ ದೇಶದ ಪ್ರಜೆ ಎಂಬುದನ್ನೂ ಕೇಳುವುದಿಲ್ಲ. ಹುಟ್ಟಿದ್ದೆಲ್ಲಿ, ಅಷ್ಟೇ. ಗಂಡ ಹೆಂಡತಿಯಲ್ಲಿ ಒಬ್ಬರು ಬೇರೆ ಕಡೆ ಹುಟ್ಟಿದ್ದರೆ ಇನ್ನೊಬ್ಬರಿಗೂ ಅದೇ ಅನ್ವಯ. ವೈನಿ ಇದನ್ನು ಬೀದಿಯ ಮಕ್ಕಳಿಗೆ ಹೀಗೆ ಹೇಳುತ್ತಿದ್ದರು: "ಹತ್ತು ಹುಡುಗರ ಸಾಲಿಗೂ ಏಳು ಕುರ್ಚಿ, ಸಾವಿರ ಹುಡುಗರ ಸಾಲಿಗೂ ಏಳು ಕುರ್ಚಿ. ಎಲ್ಲಾರಿಗೂ ಸಮ ಮಾಡೀವಿ ಅಂತ ಹೆಡ್‌ಮಾಸ್ತರ್ ಹೇಳ್ತಾರ. ಸಮ ಆತೇನು?" ಅವರ ಕಡೆ ಸಾಲಿ ಎಂದರೆ ಶಾಲೆ. ಸರದಿಗೆ ಅವರು ಪಾಳಿ ಎನ್ನುತ್ತಿದ್ದರು. ಪಾಳಿ ಹಚ್ಚುವುದು, ಪಾಳಿ ಬರುವುದು, ಪಾಳಿ ತಪ್ಪುವುದು.

ಅಣ್ಣ ಅರ್ಜಿ ಹಾಕಿದ್ದು ನಮಗಿಂತ ಎಷ್ಟೋ ವರ್ಷ ಮೊದಲು. ನಮ್ಮವರದೂ ಅವರದೂ ಒಂದೇ ಬಗೆಯ ಕೆಲಸ, ಹೆಚ್ಚುಕಮ್ಮಿ ಒಂದೇ ಓದು. ಪ್ರತಿ ತಿಂಗಳು ಸರ್ಕಾರ, ಯಾವ ದೇಶದವರಿಗೆ ಯಾವ ತಾರೀಖಿನ ಅರ್ಜಿಯವರೆಗೆ ಪಾಳಿ ಬಂದಿದೆ ಎಂದು ಪಟ್ಟಿ ಹಾಕುತ್ತದೆ. ವೈನಿ ಅದನ್ನು ನೋಡಿ ಫ್ರಿಜ್ಜಿನ ಮೇಲಿನ ಕಾಗದದಲ್ಲಿ ಬರೆಯುತ್ತಿದ್ದರು. ಕೆಲವು ತಿಂಗಳು ವಾರ ಮುಂದಕ್ಕೆ ಹೋಗುತ್ತಿತ್ತು, ಕೆಲವು ತಿಂಗಳು ನಿಂತಲ್ಲೇ ನಿಲ್ಲುತ್ತಿತ್ತು, ಒಮ್ಮೊಮ್ಮೆ ಹಿಂದಕ್ಕೂ ಬರುತ್ತಿತ್ತು. ಅವರ ಚಿಂತೆಯೆಲ್ಲ ಮಗಳದು. ಇಪ್ಪತ್ತೊಂದು ತುಂಬಿದ ದಿನ ಮಗಳು ಅಪ್ಪನ ಅರ್ಜಿಯಿಂದ ಹೊರಗೆ ಬೀಳುತ್ತಾಳೆ. ಆಗವಳಿಗೆ ಹದಿನಾಲ್ಕು. ವೈನಿ ಲೆಕ್ಕ ಹಾಕಿ ನೋಡಿದ್ದರು. ಮಗಳ ಇಪ್ಪತ್ತೊಂದು ಮೊದಲೋ ಪಾಳಿ ಮೊದಲೋ ಎಂಬುದರ ಉತ್ತರ ಅವರಿಗೆ ಗೊತ್ತಿತ್ತು.

ನಮ್ಮ ಕಾರ್ಡುಗಳು ಎರಡು ವರ್ಷವೂ ಆಗುವ ಮೊದಲೇ ಅಂಚೆಯಲ್ಲಿ ಬಂದವು. ಲಕೋಟೆ ಒಡೆದಾಗ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಮೊದಲು ನನ್ನ ಕಣ್ಣು ಹೋದದ್ದು ಕಿಟಕಿಯಾಚೆಯ ಎದುರು ಮನೆಗೆ. ಮೂರು ವಾರ ಯಾರಿಗೂ ಹೇಳಲಿಲ್ಲ. ವೈನಿ ಎದುರಾದರೆ ಬೇರೆ ಮಾತು ತೆಗೆಯುತ್ತಿದ್ದೆ. ನಾಲ್ಕನೇ ವಾರ ಒಂದು ಬೆಳಿಗ್ಗೆ ಅವರೇ ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಮಾದಲಿಯ ಡಬ್ಬಿ. ಗೋಧಿ, ಬೆಲ್ಲದ ಆ ಸಿಹಿ ಅವರ ಕಡೆಯದು.

"ಕಾರ್ಡು ಬಂದಾವಲ್ಲ? ಯಾಕ ಮುಚ್ಚಿಟ್ಟೀರಿ?"

ನಾನು ತಲೆ ತಗ್ಗಿಸಿದೆ. "ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ ವೈನಿ. ನೀವು ಇಷ್ಟು ವರ್ಷದಿಂದ..."

"ನಿಮಗ ಸಿಕ್ಕಿದ್ದು ತಪ್ಪಲ್ರಿ. ನಮಗ ಸಿಗದೆ ಇರೋದು ತಪ್ಪು. ಎರಡನ್ನೂ ಕೂಡಿಸಿ ಒಂದ ಮಾಡಬ್ಯಾಡ್ರಿ." ಡಬ್ಬಿಯ ಮುಚ್ಚಳ ತೆಗೆದು ಮಾದಲಿ ನನ್ನ ಕೈಗೆ ಹಾಕಿದರು. ನಾನು ತಿನ್ನುವವರೆಗೂ ಕಾದು, ಆಮೇಲೆ ಬಂದ ಕೆಲಸ ಹೇಳಿದರು. ನಮ್ಮ ಭಾಗದ ಜನಪ್ರತಿನಿಧಿಯ ಆಫೀಸಿಗೆ ಅವರು ತಿಂಗಳಿಗೊಮ್ಮೆ ಹೋಗುತ್ತಿದ್ದರಂತೆ. ಈ ದೇಶವಾರು ಮಿತಿಯನ್ನು ತೆಗೆಯುವ ಮಸೂದೆಗೆ ಬೆಂಬಲ ಕೊಡಿ ಎಂದು ಪತ್ರ ಕೊಟ್ಟು ಬರುತ್ತಿದ್ದರಂತೆ. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

"ಮುಂದಿನ ಸಲ ನೀವೂ ಬರ್ರಿ. ನಾ ಹೇಳಿದ್ರ ಅದು ಗೋಳು ಅನಿಸ್ತದ. ನೀವು ಹೇಳಿದ್ರ ಲೆಕ್ಕ ತಪ್ಪಿದ್ದು ಕಾಣಸ್ತದ. ಒಂದ ಓಣಿ, ಒಂದ ಕೆಲಸ. ಮೂರು ವರ್ಷ ಜಾಂಬಿಯಾದಾಗ ಇದ್ದವ್ರಿಗೆ ಎರಡು ವರ್ಷ. ಇಲ್ಲಿ ಹತ್ತು ವರ್ಷದ ಮ್ಯಾಲ ಇದ್ದವ್ರಿಗೆ..." ಎಂದು ಕೈ ತಿರುಗಿಸಿದರು.

ನಮ್ಮವರಿಗೆ ಇದು ಇಷ್ಟವಾಗಲಿಲ್ಲ. "ನಮ್ಮದು ಆಯ್ತಲ್ಲ, ಯಾಕೆ ಸುಮ್ನೆ ತಲೆ ಹಾಕ್ತೀಯ? ಆಫೀಸು, ಸರ್ಕಾರ ಅಂದ್ರೆ ನಾಳೆ ಏನಾದ್ರೂ ತೊಂದರೆ ಆದ್ರೆ?" ಎಂದರು. ಅವರ ಭಯ ನನಗೂ ಇತ್ತು. ಆದರೂ ಹೋದೆ. ಧೈರ್ಯದಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಹೋಗದಿದ್ದರೆ ವೈನಿಯ ಮುಖ ಹೇಗೆ ನೋಡುವುದೆಂಬ ಯೋಚನೆಯೇ ನನ್ನನ್ನು ಕರೆದುಕೊಂಡು ಹೋಯಿತು.

ಡ್ಯಾಲಸ್ಸಿನ ಆ ಆಫೀಸಿನಲ್ಲಿ ಮುಂದಿನ ಮೇಜಿನ ಬಳಿ ಒಬ್ಬ ಹಿರಿಯರು ಕೂರುತ್ತಿದ್ದರು. ಸಂಬಳವಿಲ್ಲದೆ, ನಿವೃತ್ತಿಯಾದ ಮೇಲೆ ಹೊತ್ತು ಹೋಗಲೆಂದು ಬರುವವರು. ವೈನಿಯನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಒಳಗಿನ ಅಧಿಕಾರಿ ಹುಡುಗಿ ನಮಗೆ ಕೊಟ್ಟದ್ದು ಹತ್ತು ನಿಮಿಷ. ನನ್ನ ಗಂಡ ಹುಟ್ಟಿದ ಊರಿನ ಕಥೆ ಕೇಳಿ ಆಕೆ ಬರೆಯುವುದನ್ನು ನಿಲ್ಲಿಸಿ, "ನಿಜವಾಗಿಯೂ?" ಎಂದು ಕೇಳಿದಳು. ಆ ಒಂದು ಪ್ರಶ್ನೆಗೆ ವೈನಿ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದರು.

ಹೊರಗೆ ಬಂದಾಗ ಆ ಹಿರಿಯರು ನಮ್ಮನ್ನು ಕೂರಿಸಿ ತಮ್ಮ ಮನೆಯ ಸಂಗತಿಯೊಂದನ್ನು ಹೇಳಿದರು. ಅವರ ತಂದೆ ಗ್ರೀಸ್ ದೇಶದಿಂದ ಬಂದವರು. ಆ ಕಾಲದಲ್ಲಿ ದೇಶ ದೇಶಕ್ಕೂ ಬೇರೆ ಬೇರೆ ಕೋಟಾ ಇತ್ತಂತೆ. ಇಂಗ್ಲೆಂಡಿನಂಥ ದೇಶಗಳಿಗೆ ಬೇಕಾದಷ್ಟು, ಗ್ರೀಸಿನಂಥವಕ್ಕೆ ತೀರ ಕಡಿಮೆ. ಏಷ್ಯಾದವರಿಗಂತೂ ಬಾಗಿಲು ಮುಚ್ಚಿದಂತೆಯೇ. ತಂದೆಗೆ ಒಬ್ಬಳೇ ತಂಗಿ, ಊರಿನಲ್ಲಿ ಉಳಿದಿದ್ದಳು. ಅವಳನ್ನು ಕರೆಸಿಕೊಳ್ಳಲು ತಂದೆ ವರ್ಷಗಟ್ಟಲೆ ಪತ್ರ ಬರೆದರು. ಇದು ಬದಲಾಗುವುದಿಲ್ಲ ಬಿಡು ಎಂದು ಎಲ್ಲರೂ ಹೇಳಿದರಂತೆ. ಅರವತ್ತರ ದಶಕದ ನಡುವೆ ಕಾನೂನು ಬದಲಾಯಿತು. ಆ ಕೋಟಾ ಹೋಯಿತು. ಹ್ಯೂಸ್ಟನ್ನಿನಲ್ಲಿ ಆ ತಂಗಿ, ಅಂದರೆ ಈ ಹಿರಿಯರ ಅತ್ತೆ, ವಿಮಾನದಿಂದ ಇಳಿದಾಗ ತಂದೆಗೆ ಅವಳ ಗುರುತೇ ಸಿಗಲಿಲ್ಲವಂತೆ. ಕೂದಲು ಹಣ್ಣಾದ ಹೆಂಗಸು ಎದುರಿಗೆ ನಿಂತಿದ್ದಳು. ತಂದೆ ಬೇರೆ ಯಾರನ್ನೋ ಹುಡುಕುತ್ತಿದ್ದರು.

"ಆಮೇಲೆ?" ಎಂದು ವೈನಿ ಕೇಳಿದರು.

ಆಮೇಲೆ ಅತ್ತೆ ಇಪ್ಪತ್ತೆರಡು ವರ್ಷ ಅವರ ಮನೆಯಲ್ಲೇ ಇದ್ದಳು, ತನಗೆ ಅಡುಗೆ ಕಲಿಸಿದವಳು ಅವಳೇ ಎಂದರು. ನಮ್ಮಂಥವರು ಈ ದೇಶಕ್ಕೆ ಬರಲು ಬಾಗಿಲು ತೆರೆದದ್ದೂ ಅದೇ ಕಾನೂನು ಎಂದು ನನಗೆ ತಿಳಿದದ್ದು ಅವತ್ತೇ. ಎಲ್ಲರಿಗೂ ಸಮನಾಗಿರಲಿ ಎಂದು ಅದರಲ್ಲಿ ಹಾಕಿದ ಮಿತಿಯೇ ಈಗ ವೈನಿಯ ಕುತ್ತಿಗೆಗೆ ಬಂದು ಕೂತಿತ್ತು. ಕಾರಿನಲ್ಲಿ ಕೂತ ಮೇಲೆ ವೈನಿ, "ಒಮ್ಮೆ ಬದಲಾಗೇದ ಅಂದ್ರ ಇನ್ನೊಮ್ಮೆ ಆಗ್ಲಿಕ್ಕೆ ಏನು ಅಡ್ಡಿ?" ಎಂದರು. ಮನೆ ತಲುಪುವವರೆಗೂ ಅವರ ಮುಖದಲ್ಲಿ ನಗುವಿತ್ತು.

ಅದಾದ ಮೇಲೆ ನಾವು ಎಷ್ಟು ಕಡೆ ಹೋದೆವೋ ಲೆಕ್ಕವಿಲ್ಲ. ಆದರೆ ಹ್ಯೂಸ್ಟನ್ನಿಗೆ ಹೋದ ಶನಿವಾರವನ್ನು ಮರೆಯಲಾರೆ. ಅಲ್ಲಿ ಒಬ್ಬ ಜನಪ್ರತಿನಿಧಿ ಸಾರ್ವಜನಿಕ ಸಭೆ ಕರೆದಿದ್ದರು. ಡ್ರೈವ್ ಮಾಡಿದ್ದು ನಮ್ಮವರೇ. ಅಷ್ಟು ಹೊತ್ತಿಗೆ ಅವರೂ ವೈನಿಯ ಕಡೆಯವರಾಗಿದ್ದರು. ಮೈಕಿನ ಮುಂದೆ ವೈನಿ ಎರಡು ನಿಮಿಷ ಮಾತಾಡಿದರು. ಅವರ ಇಂಗ್ಲಿಷು ಧಾರವಾಡದ ಇಂಗ್ಲಿಷು, ಒಂದೊಂದು ಪದವೂ ಬೋರ್ಡಿನ ಮೇಲೆ ಬರೆದಷ್ಟು ಸ್ಪಷ್ಟ. ಹಿಂದಿನಿಂದ ಯಾರೋ, ಎಲ್ಲರಂತೆ ಸಾಲಿನಲ್ಲಿ ನಿಲ್ಲಿ ಎಂದು ಕೂಗಿದರು. ವೈನಿ ತಿರುಗಿ ನೋಡಿ, ನಾನು ಸಾಲಿನಲ್ಲೇ ನಿಂತಿದ್ದೇನೆ ಸರ್, ಆ ಸಾಲು ಎಷ್ಟು ಉದ್ದವಿದೆ ಎಂದು ನಿಮಗೆ ತೋರಿಸಲು ಬಂದೆ ಎಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು.

ಚಪ್ಪಾಳೆ ತಟ್ಟದೆ ಕೂತಿದ್ದ ಒಬ್ಬಾಕೆ ಸಭೆ ಮುಗಿದ ಮೇಲೆ ಪಾರ್ಕಿಂಗ್ ಜಾಗದಲ್ಲಿ ನಮ್ಮನ್ನು ತಡೆದಳು. ನೈಜೀರಿಯಾದಿಂದ ಬಂದ ನರ್ಸ್. ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ. ಮಗ ಊರಿನಲ್ಲಿ ಅಜ್ಜಿಯ ಜೊತೆಗಿದ್ದಾನೆ, ಕಾರ್ಡು ಬಂದ ಮೇಲೆ ಕರೆಸಿಕೊಳ್ಳಬೇಕು. "ನೀವು ಕೇಳುವುದು ನ್ಯಾಯ ಇರಬಹುದು. ಆದರೆ ಇರುವ ಕಾರ್ಡು ಇಷ್ಟೇ. ನಿಮ್ಮವರೆಲ್ಲ ಮುಂದೆ ಹೋದರೆ ನಾನು ಹಿಂದೆ ಬೀಳುತ್ತೇನೆ. ಆಗ ನನ್ನ ಮಗನಿಗೆ ಏನು ಹೇಳಲಿ?" ಆಕೆ ಜೋರು ಮಾಡಲಿಲ್ಲ. ನಿಧಾನವಾಗಿಯೇ ಕೇಳಿದಳು. ಬಿಸಿಲು ನೆತ್ತಿ ಸುಡುತ್ತಿತ್ತು. ವೈನಿ ಆಕೆಯ ಫೋನ್ ನಂಬರ್ ಕೇಳಿ ಬರೆದುಕೊಂಡರು.

ವಾಪಸ್ ಬರುವ ದಾರಿಯಲ್ಲಿ ಹಂಟ್ಸ್‌ವಿಲ್ ದಾಟಿದೆವು. ಆಮೇಲೆ ಹಿಂದಿನ ಸೀಟಿನಿಂದ ವೈನಿಯ ದನಿ ಬಂತು.

"ಆಕಿ ಹೇಳಿದ್ದು ಖರೆ ಅದರಿ."

"ಹಾಗಂತ ನಾವು ಬಿಟ್ಟುಬಿಡೋದಾ ವೈನಿ?"

"ಬಿಡೋದಲ್ಲ. ನಾ ಇಷ್ಟು ದಿನ ಬರೇ ಭಾಗಾಕಾರ ಮಾಡ್ಕೋತ ಕೂತಿದ್ದೆ. ಕುರ್ಚಿ ಹೆಚ್ಚು ಹಾಕ್ರಿ ಅಂತ ಕೇಳಲೇ ಇಲ್ಲ. ನನ್ನ ಮಗಳ ಪಾಳಿ ಸಲುವಾಗಿ ಆಕಿ ಮಗನ ಪಾಳಿ ತಪ್ಪಬಾರದು."

ಮರುದಿನವೇ ಪತ್ರವನ್ನು ಹೊಸದಾಗಿ ಬರೆದರು. ದೇಶವಾರು ಮಿತಿ ಹೋಗಲಿ, ಒಟ್ಟು ಕಾರ್ಡುಗಳೂ ಹೆಚ್ಚಲಿ, ಕಾಯುತ್ತಿರುವಾಗ ದೊಡ್ಡವರಾಗುವ ಮಕ್ಕಳನ್ನು ಸಾಲಿನಿಂದ ಹೊರಹಾಕಬೇಡಿ. ಇಷ್ಟೂ ಬೇಕು ಎಂದು ಬರೆದು ನರ್ಸಿಗೆ ಓದಿ ಹೇಳಿದರು. ಎರಡು ತಿಂಗಳಾದ ಮೇಲೆ ಆಕೆ ರಜೆ ಹಾಕಿ, ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಡ್ಯಾಲಸ್ಸಿಗೆ ಬಂದು ನಮ್ಮ ಜೊತೆ ಕೂತಳು. ಆ ದಿನ ನಮಗೆ ಹತ್ತು ನಿಮಿಷವಲ್ಲ, ಮುಕ್ಕಾಲು ಗಂಟೆ ಸಿಕ್ಕಿತು.

ಗೆದ್ದೆವು ಎಂದು ಬರೆಯಬೇಕೆಂದು ಆಸೆಯಾಗುತ್ತದೆ... ಮಸೂದೆ ಇಲ್ಲಿನ ಸಂಸತ್ತಿನ ಒಂದು ಸದನದಲ್ಲಿ ಪಾಸಾಯಿತು. ಟೀವಿಯಲ್ಲಿ ಅದನ್ನು ನೋಡಲು ಇಡೀ ಬೀದಿ ವೈನಿಯ ಮನೆಯಲ್ಲಿ ಸೇರಿತ್ತು. ಆಮೇಲೆ ಇನ್ನೊಂದು ಸದನದಲ್ಲಿ ಬೇರೆ ರೂಪದಲ್ಲಿ ಪಾಸಾಯಿತು. ಎರಡೂ ಒಂದಾಗಲಿಲ್ಲ. ಅವಧಿ ಮುಗಿದು ಮಸೂದೆ ಬಿದ್ದುಹೋಯಿತು. ಅಷ್ಟರಲ್ಲಿ ಆಸ್ಟಿನ್ನಿನಲ್ಲಿ ಓದುತ್ತಿದ್ದ ಮಗಳಿಗೆ ಇಪ್ಪತ್ತೊಂದು ತುಂಬಿತ್ತು. ನಾಲ್ಕು ವರ್ಷದವಳಿದ್ದಾಗಿನಿಂದ ಟೆಕ್ಸಸ್ಸಿನಲ್ಲೇ ಬೆಳೆದ ಹುಡುಗಿ, ನಿನ್ನೆಯಷ್ಟೇ ಬಂದಿಳಿದವಳಂತೆ ವಿದ್ಯಾರ್ಥಿ ವೀಸಾ ತೆಗೆದುಕೊಂಡಳು. ಹುಟ್ಟುಹಬ್ಬಕ್ಕೆ ನಾವೆಲ್ಲ ಆಸ್ಟಿನ್ನಿಗೆ ಹೋಗಿದ್ದೆವು. ಕೇಕು ಕತ್ತರಿಸಿ, "ಅಮ್ಮಾ, ಐ ಆಮ್ ಫೈನ್, ಸ್ಟಾಪ್ ವರೀಯಿಂಗ್" ಎಂದಳು. ವೈನಿ ಅಲ್ಲಿ ಅಳಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ, ಕಾರಿನಿಂದಿಳಿದು ಸ್ವಲ್ಪ ದೂರ ಹೋಗಿ ನಿಂತು ಅತ್ತರು. ನಾನು ಪಕ್ಕದಲ್ಲಿ ಹೋಗಿ ನಿಂತೆ.

ಮಾರನೆಯ ವರ್ಷ ಅಣ್ಣನ ಕೆಲಸ ಹೋಯಿತು. ಅರವತ್ತು ದಿನದಲ್ಲಿ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಸಿಗಲಿಲ್ಲ. ಕೆನಡಾ ಕರೆಯಿತು. ಮಗಳನ್ನು ಆಸ್ಟಿನ್ನಿನಲ್ಲಿ ಬಿಟ್ಟು ಇಬ್ಬರೂ ಹೊರಟರು. ಹೋಗುವ ಮುನ್ನ ವೈನಿ ತಮ್ಮ ಫೈಲನ್ನು ತಂದು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಪತ್ರಗಳು, ಭೇಟಿಯಾದವರ ಹೆಸರು, ಯಾರು ಏನು ಹೇಳಿದರು, ಎಲ್ಲ ಅದರಲ್ಲಿತ್ತು. "ನೀವು ಸಿಟಿಜನ್ ಆಗೋರು. ನಾಳೆ ನಿಮಗ ಓಟು ಇರ್ತದ. ನನಗಿಂತ ನಿಮ್ಮ ಮಾತು ಹೆಚ್ಚು ನಡೀತದ" ಎಂದರು. ಅಷ್ಟೇ. ನಡೆಸಿಕೊಂಡು ಹೋಗಿ ಎಂದೇನೂ ಹೇಳಲಿಲ್ಲ.

ಹೋದ ವರ್ಷದ ಚಳಿಗಾಲದಲ್ಲಿ ವೈನಿ ಕೆನಡಾದಲ್ಲೇ ತೀರಿಕೊಂಡರು. ಕಾಯಿಲೆ ತಿಳಿದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಕೊನೆಯ ಸಲ ಫೋನಿನಲ್ಲಿ ಮಾತಾಡಿದಾಗಲೂ ತಮ್ಮ ಕಾಯಿಲೆಯ ಮಾತು ಎರಡೇ ನಿಮಿಷ. ನರ್ಸಿನ ಮಗ ಹೇಗಿದ್ದಾನೆ ಎಂದು ಕೇಳಿದರು. ಬಂದು ಹೈಸ್ಕೂಲಿಗೆ ಸೇರಿದ್ದಾನೆ, ಲೆಕ್ಕದಲ್ಲಿ ಹಿಂದೆ ಇದ್ದಾನಂತೆ ಎಂದೆ. "ನನಗ ಫೋನ್ ಹಚ್ಚಲಿಕ್ಕೆ ಹೇಳ್ರಿ" ಎಂದರು. ಅವನು ಫೋನ್ ಮಾಡಿದನೋ ಇಲ್ಲವೋ, ನಾನು ಕೇಳಲಿಲ್ಲ...

ನಾವೀಗ ಆಸ್ಟಿನ್ನಿನ ಹತ್ತಿರ ಫ್ಲೂಗರ್‌ವಿಲ್‌ನಲ್ಲಿದ್ದೇವೆ. ನಮ್ಮವರು ಪಕ್ಕದ ಟೇಲರ್ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಹೋಗಿ ಬರುತ್ತಾರೆ. ನನಗೆ ಓಟು ಬಂದಿದೆ, ಎರಡು ಸಲ ಹಾಕಿಯೂ ಆಯಿತು. ವೈನಿಯ ಮಗಳು ಹ್ಯೂಸ್ಟನ್ನಿನಲ್ಲಿ ಕಾನೂನು ಓದಿ, ಅಲ್ಲೇ ವಲಸೆಯ ಕೇಸುಗಳನ್ನು ನೋಡುವ ವಕೀಲರ ಆಫೀಸಿನಲ್ಲಿದ್ದಾಳೆ. ಕೆಲಸದ ವೀಸಾದ ಲಾಟರಿಯಲ್ಲಿ ಎರಡನೇ ಸಲಕ್ಕೆ ಅವಳ ಹೆಸರು ಬಂತು. ಅಪ್ಪ ಅಮ್ಮ ಕಾದ ವರ್ಷಗಳು ಅವಳ ಲೆಕ್ಕಕ್ಕೆ ಬರಲಿಲ್ಲ. ಅವಳ ಪಾಳಿ ಹೊಸದಾಗಿ, ಸಾಲಿನ ಕೊನೆಯಿಂದ. ಇದನ್ನು ಅವಳು ನಗುತ್ತಲೇ ಹೇಳುತ್ತಾಳೆ. ನನಗೆ ನಗು ಬರುವುದಿಲ್ಲ. ಆದರೆ ಈಗ ಕನ್ನಡದ ಕಕ್ಷಿದಾರರ ತಂದೆತಾಯಿಗಳ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ, ಥೇಟ್ ಧಾರವಾಡದ ಕನ್ನಡ. ಫೋನಿನಲ್ಲಿ ಒಮ್ಮೊಮ್ಮೆ ಅವಳು "ಹೇಳ್ರಿ" ಎಂದಾಗ ನನ್ನ ಮಾತು ಅಲ್ಲೇ ನಿಂತುಬಿಡುತ್ತದೆ.

ನಮ್ಮ ಬೀದಿಗೆ ಹೊಸದಾಗಿ ಬೆಂಗಳೂರಿನ ದಂಪತಿ ಬಂದಿದ್ದಾರೆ. ಆರು ವರ್ಷದ ಮಗನಿದ್ದಾನೆ. ಮೊನ್ನೆ ಆ ಹುಡುಗಿ ಮೊಸರಿಗೆ ಹೆಪ್ಪು ಕೇಳಲು ಬಂದವಳು ಮೇಜಿನ ಮೇಲಿದ್ದ ವೈನಿಯ ಫೈಲಿನ ಕಾಗದಗಳನ್ನು ನೋಡಿ ಕೇಳಿದಳು.

"ಆಂಟಿ, ನಿಮ್ದು ಸಿಟಿಜನ್‌ಶಿಪ್ಪೇ ಆಗೋಯ್ತಲ್ಲ. ಮತ್ತೆ ನೀವ್ಯಾಕೆ ಇದಕ್ಕೆಲ್ಲ ಓಡಾಡ್ತೀರ?"

ನನ್ನ ಗಂಡ ಜಾಂಬಿಯಾದಲ್ಲಿ ಹುಟ್ಟಿದರು ಎಂದು ಶುರು ಮಾಡಿದೆ. ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ಅವಳು ಲೋಟ ಕೆಳಗಿಟ್ಟು, "ಇದು ಬದಲಾಗುತ್ತೆ ಅಂತ ನಿಜವಾಗ್ಲೂ ಅನ್ಸುತ್ತಾ ಆಂಟಿ?" ಎಂದಳು.

"ಅನ್ಸುತ್ತೆ. ಗುರುವಾರ ಹತ್ತು ಗಂಟೆಗೆ ಆಸ್ಟಿನ್ ಆಫೀಸಿಗೆ ಹೋಗ್ತಿದ್ದೀವಿ. ಮಗೂನೂ ಕರ್ಕೊಂಡು ಬಾ."

ಗುರುವಾರ ನಾವು ಆರು ಜನ. ಇಂಥ ಸಲಗಳಲ್ಲಿ ಎಲ್ಲರಿಗಿಂತ ಮೊದಲು ಬಂದು ಮೆಟ್ಟಿಲ ಮೇಲೆ ನಿಂತಿರುತ್ತಿದ್ದ ವೈನಿ ಇರುವುದಿಲ್ಲ. ಅವರ ಮಗಳು ಹ್ಯೂಸ್ಟನ್ನಿನಿಂದ ನೇರವಾಗಿ ಅಲ್ಲಿಗೇ ಬರುತ್ತಾಳೆ. ಮಾತು ಶುರು ಮಾಡುವವಳು ಅವಳೇ.